ಬಿಲ್ಕೀಸ್ ಆಪಾ ಅವರ ವ್ಯಾನು, ನಾನು ಹಾಕಿದ ಪೈಪು

ಎರಡು ವರ್ಷ ಲೇತ್ ಮಷೀನಿನ ಮುಂದೆ ನಿಂತ ನನಗೆ ಲೋಕದ ಸಕಲ ಯಂತ್ರಗಳೂ ಅರ್ಥವಾಗುತ್ತವೆ ಎಂಬ ಭ್ರಮೆ ಇತ್ತು. ಅದು ಒಡೆದದ್ದು ೧೯೯೯ರ ಜೂನ್‌ನಲ್ಲಿ, ಬೆನ್ನ ಹಿಂದೆ ಒಂಬತ್ತು ಮಕ್ಕಳು ಕೂತಿದ್ದಾಗ.

ಲಿಂಗರಾಜಪುರದಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೆ ಮನೆಯೊಡತಿ ಬಿಲ್ಕೀಸ್ ಆಪಾ ಇದ್ದರು. ಗಂಡನ ಕಣ್ಣು ಮಂದವಾದ ಮೇಲೆ, ಮೂವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಆತನ ವ್ಯಾನಿನಲ್ಲಿ ಮಕ್ಕಳನ್ನು ಪುಲಿಕೇಶಿನಗರದ ಶಾಲೆಗೆ ಬಿಡುತ್ತಿದ್ದರು. ಗಿಡ್ಡ ಆಳು. ರಸ್ತೆ ಕಾಣಲೆಂದು ಮಡಿಸಿದ ರಜಾಯಿಯ ಮೇಲೆ ಕೂರುತ್ತಿದ್ದರು. ಹಾರ್ನ್ ಹೊಡೆಯುತ್ತಿದ್ದದ್ದು ಕಡಿಮೆ, ಕಿಟಕಿಯಿಂದ ತಲೆ ಹೊರಹಾಕಿ ಬೈಯುತ್ತಿದ್ದದ್ದೇ ಹೆಚ್ಚು.

ಆ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಯಾರು ರಿಪೇರಿ ಮಾಡಿದರೂ ಆಪಾ ಅವರದು ಒಂದೇ ಕಟ್ಟಳೆ: ಸೀಟು ಎತ್ತಿಟ್ಟು, ಎಂಜಿನ್ ಓಡಿಸಿ, ಒಂದು ಟೀ ಕುಡಿದು ಮುಗಿಸುವಷ್ಟು ಹೊತ್ತು, ಎಲ್ಲಾದರೂ ಸೋರುತ್ತದೆಯೇ ಎಂದು ಪೈಪುಗಳನ್ನೇ ನೋಡುತ್ತ ಕೂರಬೇಕು. ಶಿವಾಜಿನಗರದ ಅಕ್ತರ್ ಮೇಸ್ತ್ರಿ ಕೂಡ ತುಟಿ ಬಿಗಿದುಕೊಂಡು ಕೂರುತ್ತಿದ್ದ.

ಅಕ್ತರ್ ಊರಲ್ಲಿಲ್ಲದ ಒಂದು ಭಾನುವಾರ ಪೆಟ್ರೋಲ್ ಫಿಲ್ಟರನ್ನು ನಾನೇ ಬದಲಾಯಿಸಿ, ಅದರ ಪೈಪನ್ನು ಮತ್ತೆ ಸಿಕ್ಕಿಸಿದೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮೇಲಿನ ಮನೆಯ ಟೀವಿಯಲ್ಲಿ ವರ್ಲ್ಡ್ ಕಪ್ ಮ್ಯಾಚು ನಡೆದಿತ್ತು. ಎಂಜಿನ್ ಆರಿಸಿ, ಸೀಟು ಮುಚ್ಚಿ, ಮೆಟ್ಟಿಲು ಹತ್ತಿದೆ.

“ಕೂತು ನೋಡ್ದ್ಯಾ?” ಆಪಾ ಅಡುಗೆಮನೆಯಿಂದ ಕೂಗಿದರು.

“ನೋಡೀನ್ರೀ ಆಪಾ. ಒಂದ್ ಹನಿ ಇಲ್ಲ.”

ಸೋಮವಾರ ಎಂದಿನಂತೆ ಮುಂದಿನ ಸೀಟಿನಲ್ಲಿ ಕೂತು ನನ್ನ ಲೇತ್ ಶೆಡ್ಡಿಗೆ ಹೊರಟೆ. ರೈಲ್ವೆ ಗೇಟಿನ ಸಾಲಿನಲ್ಲಿ ವ್ಯಾನು ಎರಡು ಸಲ ಕೆಮ್ಮಿ ನಿಂತುಹೋಯಿತು. ಮುಂದೆ ಲಾರಿ, ಹಿಂದೆ ಲಾರಿ.

“ಆಂಟಿ, ವಾಸ್ನೆ,” ಎಂದಳು ಹಿಂದಿನಿಂದ ಪೂಜಿತಾ. ಎರಡನೇ ಕ್ಲಾಸಿನ ಹುಡುಗಿ.

“ಮುಂದೆ ಲಾರಿ ಇದೆಯಲ್ಲಮ್ಮ, ಅದು,” ಎಂದರು ಆಪಾ. ಅವರಿಗೆ ಮೂರು ದಿನದಿಂದ ನೆಗಡಿ, ಮೂಗು ಪೂರ್ತಿ ಕಟ್ಟಿತ್ತು.

ನನ್ನ ಮೂಗು ಚೆನ್ನಾಗಿಯೇ ಇತ್ತು. ಅದು ಡೀಸೆಲ್ ಅಲ್ಲ, ಪೆಟ್ರೋಲು. ಬರುತ್ತಿದ್ದದ್ದು ನಾನು ಕೂತಿದ್ದ ಜಾಗದಿಂದಲೇ. ತೊಡೆಯ ಕೆಳಗೆ ಸೀಟು ಬೆಚ್ಚಗಿತ್ತು.

ಆಪಾ ಕೀ ತಿರುಗಿಸಿದರು. ಎಂಜಿನ್ ಗೊರಗೊರ ಎಂದು ಸುಮ್ಮನಾಯಿತು.

“ಏನಿರ್ಬೋದು ಭೀಮಾ?”

“ಪ್ಲಗ್ ಇರಬೇಕ್ರೀ,” ಎಂದೆ. ಆ ವ್ಯಾನಿನಲ್ಲಿ ನಾನು ಮುಟ್ಟದ ಭಾಗಗಳ ಹೆಸರೆಲ್ಲ ನಾಲಿಗೆಗೆ ಬರುತ್ತಿದ್ದವು. “ಇಲ್ಲಾಂದ್ರ ಬ್ಯಾಟರಿ. ಕಾಯಿಲ್ ಸೈತ ಇರಬಹುದು.”

ಆಪಾ ಬೆರಳು ಮಡಿಸತೊಡಗಿದರು. “ಬ್ಯಾಟರಿ ಅಲ್ಲ, ಲೈಟ್ ಉರೀತಿದೆ. ಪೆಟ್ರೋಲ್ ಮೊನ್ನೆ ಹಾಕ್ಸಿದ್ದು. ಪೈಪ್ ನೀನು ಕೂತು ನೋಡಿದೀಯ, ಅದೂ ಅಲ್ಲ. ಸರಿ, ಇನ್ನೊಂದ್ಸಲ ಜೋರಾಗಿ ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ.”

ನನ್ನ ಸುಳ್ಳನ್ನು ನಂಬಿ ಅವರು ನಿಜವಾದ ಕಾರಣವನ್ನೇ ಬದಿಗೆ ಸರಿಸಿದ್ದರು. ಅವರ ಕೈ ಕೀಲಿಯ ಮೇಲಿತ್ತು; ಒಂದು ಕಿಡಿ ಹಾರಿದರೆ ಸಾಕಿತ್ತು. ಹಿಂದೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಹೇಳಿದರೆ ಕೋಣೆ ಖಾಲಿ ಮಾಡಬೇಕಾದೀತು ಎಂಬ ಲೆಕ್ಕ ಆ ಕ್ಷಣದಲ್ಲೂ ನನ್ನ ತಲೆಯಲ್ಲಿ ನಡೆಯಿತು ಎಂದು ಒಪ್ಪಿಕೊಳ್ಳಲು ಈಗಲೂ ನಾಚಿಕೆ.

“ಆಪಾ, ಬ್ಯಾಡ್ರೀ! ನಾ ನೋಡಿಲ್ಲ. ಮ್ಯಾಚ್ ನೋಡಾಕ ಹೋಗಿದ್ದೆ. ಪೆಟ್ರೋಲ್ ಸೋರ್ಲಿಕತ್ತದ.”

ಅವರು ನನ್ನ ಮುಖ ನೋಡಲಿಲ್ಲ. ಕೀ ಹೊರಗೆಳೆದು, ಕಿಟಕಿಯಿಂದ ತಲೆ ಹೊರಹಾಕಿ, ಹಿಂದಿನ ಲಾರಿಯವನಿಗೆ, “ಬೀಡಿ ಆರ್ಸೋ!” ಎಂದು ಕೂಗಿದರು. ಆಮೇಲೆ ಮೆಲ್ಲಗೆ, ಆಟದ ಮೈದಾನಕ್ಕೆ ಕರೆಯುವವರ ಹಾಗೆ, “ಮಕ್ಳೇ, ಇವತ್ತು ನಡ್ಕೊಂಡು ಹೋಗೋಣ. ಒಬ್ರ ಬ್ಯಾಗ್ ಒಬ್ರು ಹಿಡ್ಕೊಳ್ಳಿ,” ಎಂದರು. ಬಾಗಿಲು ಸರಿಸಿ ಮಕ್ಕಳನ್ನು ಇಳಿಸಿದರು. ಒಂಬತ್ತು ತಲೆ ಎರಡೆರಡು ಸಲ ಎಣಿಸಿದರು.

ಮಕ್ಕಳು ದೂರ ಹೋದ ಮೇಲೆ ಸೀಟು ಎತ್ತಿದೆ. ಪೈಪಿನ ತುದಿಯ ಕ್ಲಿಪ್ಪು ಬಿಗಿದೇ ಇರಲಿಲ್ಲ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿ ಹಬೆಯಾಡುತ್ತಿತ್ತು. ಬ್ಯಾಟರಿಯ ವೈರು ಕಳಚಿ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದೆ.

ಶಾಲೆಗೆ ಬಿಟ್ಟು ಬಂದ ಆಪಾ ಸ್ಕ್ರೂಡ್ರೈವರ್ ಕಸಿದುಕೊಂಡು ಕ್ಲಿಪ್ಪನ್ನು ತಾವೇ ಬಿಗಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಸಾಯಂಕಾಲ ಒಂಬತ್ತು ಮನೆಗೂ ಹೋಗಿ ಹೇಳು. ನಿನ್ನ ಬಾಯಿಂದಾನೇ.”

“ಮಕ್ಕಳ್ನ ವ್ಯಾನಿಂದ ಬಿಡಿಸಿಬಿಟ್ರ, ಆಪಾ?”

“ಬಿಡಿಸ್ಲಿ. ಮಕ್ಳು ಅವ್ರದ್ದು.”

ಮೊದಲ ಮನೆ ಪೂಜಿತಾಳದು. ತಾಯಿ ಮುನಿವೆಂಕಟಮ್ಮ ಸೊಪ್ಪು ಸೋಸುತ್ತಿದ್ದರು. ನಾನು ಹೇಳಿ ಮುಗಿಸಿದ ಮೇಲೆ ಒಳಗೆ ಹೋಗಿ ಮಗಳ ತಲೆ ಮುಟ್ಟಿ ಬಂದರು.

“ಬಿಲ್ಕೀಸಮ್ಮಂಗೆ ಹೇಳಪ್ಪ, ನಾಳೆಯಿಂದ ಬರೋದು ಬೇಡ. ಅವರ ಮೇಲೆ ಕೋಪ ಇಲ್ಲ. ಆದ್ರೆ ನನಗೆ ನಿದ್ದೆ ಬರಲ್ಲ.”

ತಲೆಯಾಡಿಸಿ ಪಕ್ಕದ ಬೀದಿಗೆ ನಡೆದೆ. ಎರಡನೆಯ ಮನೆಯ ಬಾಗಿಲು ತೆರೆದೇ ಇತ್ತು. ಆದರೂ ಕದ ತಟ್ಟಲು ಬಹಳ ಹೊತ್ತು ಬೇಕಾಯಿತು.