ಐವತ್ತು ಸ್ಟೆಬಿಲೈಸರ್ ಮಾಡಿದ ವರ್ಷ

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಪುತ್ತೂರಿನಲ್ಲಿ ರೇಡಿಯೋ ರಿಪೇರಿಯ ಸಣ್ಣ ಅಂಗಡಿ ಇತ್ತು. ಕಡಬದ ಹತ್ತಿರ ರಬ್ಬರ್ ತೋಟ ಮಾಡಿಕೊಂಡಿದ್ದ ಕೇರಳದವರೊಬ್ಬರು ಒಂದು ದಿನ ಬಂದು ಬೆಂಚಿನ ಮೇಲೆ ಕುಳಿತರು. ಮಲಯಾಳದಲ್ಲಿ ಅಣ್ಣ ಎನ್ನುವ ಹಾಗೆ ನಾನು ಅವರನ್ನು ಚೇಟ ಎಂದೇ ಕರೆಯುತ್ತಿದ್ದೆ. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಇಡಲಿಕ್ಕೆಂದೇ ಫ್ರಿಜ್ ತಂದಿದ್ದರು. ಸಂಜೆ ವೋಲ್ಟೇಜ್ ಇಳಿದರೆ ಅದು ನರಳಿ ನಿಂತುಬಿಡುತ್ತಿತ್ತು. ಒಮ್ಮೆ ಮೋಟರೇ ಸುಟ್ಟಿತ್ತು.

"ಮಂಗಳೂರಿಂದ ತಂದ ಸ್ಟೆಬಿಲೈಸರ್ ನಮ್ಮ ಲೈನಿಗೆ ಸಾಕಾಗುದಿಲ್ಲ. ಇಲ್ಲಿಯ ಕರೆಂಟಿಗೆ ಆಗುವಂಥದ್ದು ನೀವೇ ಒಂದು ಮಾಡಿ ಕೊಡಿ," ಎಂದರು.

ಮೂರು ತಿಂಗಳು ಹಿಡಿಯಿತು. ತಾಮ್ರದ ತಂತಿ ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಕೊನೆಗೆ ಹಳೆಯ ರೇಡಿಯೋದ ಮರದ ಪೆಟ್ಟಿಗೆಯಲ್ಲಿ ಕೂರಿಸಿ ಕೊಂಡುಹೋದೆ. ಆ ಬೇಸಿಗೆಯಿಡೀ ಫ್ರಿಜ್ ನಿಲ್ಲಲಿಲ್ಲ. ಮುಂದಿನ ಸಲ ಹೋದಾಗ ಚೇಟನ ಹೆಂಡತಿ ಫ್ರಿಜ್ಜಿನಿಂದ ಒಂದು ಲೋಟ ತಣ್ಣೀರು ತಂದು ನನ್ನ ಮುಂದೆ ಇಟ್ಟರು.

ಚೇಟನ ಮನೆಗೆ ಟೀವಿ ಕೂರಿಸಲು ಬಂದ ಸುಳ್ಯದ ವ್ಯಾಪಾರಿಯೊಬ್ಬರು ಅದನ್ನು ನೋಡಿದರು. ಮುಂದಿನ ವರ್ಷದ ಮಳೆಗಾಲಕ್ಕೆ ಮೊದಲು ಇಂಥದ್ದೇ ಐವತ್ತು ಬೇಕೆಂದರು. ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಎರಡನೆಯದು ಮೊದಲನೆಯದರ ಹಾಗೆ ಕೆಲಸ ಮಾಡಲಿಲ್ಲ. ಮೂರನೆಯದು ಎರಡನೆಯದರ ಹಾಗೂ ಇರಲಿಲ್ಲ. ಮೊದಲನೆಯದನ್ನು ನಾನು ಅದರ ಸದ್ದನ್ನು ಕಿವಿಯಲ್ಲಿ ಕೇಳಿ ಕೇಳಿ ಸರಿಮಾಡಿದ್ದೆ. ಲೆಕ್ಕ ಬರೆದಿಟ್ಟಿರಲಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಮತ್ತೆ ಕುಳಿತು ಕಿವಿಗೊಡಬೇಕಾಯಿತು. ತಂತಿ ಸುತ್ತಲು ಕುಂಬ್ರದ ಒಬ್ಬ ಹೆಂಗಸನ್ನು ಕರೆದೆ. ಹದಿನೈದು ವರ್ಷ ಬೀಡಿ ಕಟ್ಟಿದವರು, ನಾನು ಅಕ್ಕ ಎಂದು ಕರೆಯುತ್ತಿದ್ದೆ. ವಾರದೊಳಗೆ ಅವರ ಸುತ್ತು ನನ್ನದಕ್ಕಿಂತ ಚೊಕ್ಕವಾಯಿತು.

ಸುತ್ತಿದ ಕಾಯಿಲನ್ನು ವಾರ್ನಿಶ್‌ನಲ್ಲಿ ಅದ್ದಿ ಪೂರ್ತಿ ಒಣಗಿಸಬೇಕು, ಒಳಗೆ ಹಸಿ ಉಳಿದರೆ ತಂತಿ ಅದುರಿ ಸುಡುತ್ತದೆ. ಆ ವರ್ಷ ಮಳೆ ಬೇಗ ಹಿಡಿಯಿತು. ಕೊನೆಯ ದಿನ ವ್ಯಾಪಾರಿಯ ಜೀಪು ಹೊರಗೆ ನಿಂತಿರುವಾಗ ಅಕ್ಕ ಒಂದು ಕಾಯಿಲನ್ನು ಒತ್ತಿ ನೋಡಿದರು.

"ಇದು ಒಣಗ್ಲಿಲ್ಲ. ಉಗುರು ಇಳೀತದೆ ನೋಡಿ. ಈಗ ಕೊಡುದು ಬೇಡ."

"ಮೇಲೆ ಒಣಗಿದೆಯಲ್ಲ, ಸಾಕು," ಎಂದೆ ನಾನು.

ಎರಡು ವಾರಕ್ಕೆ ದೂರು ಶುರುವಾಯಿತು. ಮೊದಲು ಗುಂಯ್ ಎಂಬ ಸದ್ದು, ಆಮೇಲೆ ಸುಟ್ಟ ವಾಸನೆ. ಸುಬ್ರಹ್ಮಣ್ಯದ ಒಂದು ಲಾಡ್ಜಿನಲ್ಲಿ ಹೊಗೆಯೇ ಎದ್ದಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕೊಟ್ಟದ್ದನ್ನೆಲ್ಲ ನಾನೇ ಗೋಣಿಚೀಲ ಹಿಡಿದು, ಬಸ್ಸಿನಲ್ಲಿ ಹೋಗಿ ವಾಪಸು ತಂದೆ. ಒಂದೊಂದೂ ಕಲ್ಲಿನಷ್ಟು ಭಾರ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಹೊರಲು ಆಗುತ್ತಿರಲಿಲ್ಲ. ಮರ್ಕಂಜದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬೈಬೇಕು ಅಂತ ಇದ್ದೆ ಮಾರಾಯ್ರೆ. ನಿಮ್ಮನ್ನು ನೋಡಿದ್ರೆ ಮನಸ್ಸು ಬರುದಿಲ್ಲ. ಮೊದಲು ಕೂತ್ಕೊಳ್ಳಿ," ಎಂದು ಬೆಲ್ಲ, ನೀರು ತಂದುಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಅಂಗಡಿಯ ಮೂಲೆಯಲ್ಲಿ ಪೆಟ್ಟಿಗೆಗಳು ರಾಶಿಬಿದ್ದವು. ಇನ್ನು ಇದರ ಸಹವಾಸ ಬೇಡವೆಂದು ಅಕ್ಕನಿಗೆ ಹೇಳಿದೆ. ಉಗುರಿನ ಮಾತನ್ನು ಅವರು ಎತ್ತಲೇ ಇಲ್ಲ.

"ತಪ್ಪು ಎಲ್ಲಿ ಅಂತ ಗೊತ್ತುಂಟಲ್ಲ, ಮತ್ತೆಂತ?" ಎಂದರು. "ಬೀಡಿ ಒಂದು ಚಂದ, ಒಂದು ಸಡಿಲ ಆದ್ರೆ ಕಟ್ಟನ್ನೇ ಬಿಸಾಡ್ತಾರೆ. ನಿಮ್ಮ ಮೊದಲಿನದ್ದು ಚಂದ ಉಂಟು. ಆದ್ರೆ ಅದು ನಿಮ್ಮ ಕೈಯಲ್ಲಿ ಮಾತ್ರ ಆಗುದು. ನನ್ನ ಕೈಯಲ್ಲೂ ಆಗುವ ಹಾಗೆ ಬರೆದು ಕೊಡಿ."

ಬರೆಯುವುದು ಮಾಡುವುದಕ್ಕಿಂತ ಕಷ್ಟವಾಯಿತು. ಎಷ್ಟು ಸುತ್ತು, ಯಾವ ತಂತಿ, ಎಷ್ಟು ದಿನ ಒಣಗಿಸಬೇಕು, ಎಲ್ಲವನ್ನೂ ಅಳೆದು ಪಟ್ಟಿಮಾಡಿದೆ. ಒಣಗಿಸಲಿಕ್ಕೆ ಚೇಟ ತಮ್ಮ ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನಲ್ಲಿ ಜಾಗ ಕೊಟ್ಟರು. ಕಾಯಿಲಿಗೆ ಹೊಗೆಯ ವಾಸನೆ ಹಿಡಿಯಿತು. ಆದರೆ ಉಗುರು ಇಳಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಎಲ್ಲರ ಮನೆಗೂ ಹೊಸದು ತಲುಪಿತು.

ವ್ಯಾಪಾರಿ ಮತ್ತೆ ನೂರು ಕೇಳಿದರು. ನಾನು ಮೇಜಿನ ಮುಂದೆ ಕುಳಿತೆ. ಕೈ ಏಳಲಿಲ್ಲ. ಕಾಯಿಲೆಯೇನೂ ಇರಲಿಲ್ಲ, ಬರೀ ಸಾಕಾಗಿತ್ತು. ಕೆಲಸವನ್ನು ನೀವೇ ವಹಿಸಿಕೊಳ್ಳಿ ಎಂದು ಅಕ್ಕನಿಗೆ ಹೇಳಿದೆ.

"ನಾನು ಓದಿದ್ದು ಏಳನೇ ಕ್ಲಾಸು."

"ಪಟ್ಟಿ ಓದ್ಲಿಕ್ಕೆ ಬರ್ತದಲ್ಲ?"

ಅವರು ನಕ್ಕರು. ನೆರೆಮನೆಯ ಇಬ್ಬರು ಹೆಂಗಸರನ್ನು ಸೇರಿಸಿಕೊಂಡು ಕುಂಬ್ರದ ಮನೆಯ ಜಗಲಿಯಲ್ಲೇ ಶುರುಮಾಡಿದರು. ಶನಿವಾರ ನಾನು ಪರೀಕ್ಷಿಸಲು ಹೋಗುತ್ತಿದ್ದೆ. ಒಮ್ಮೆ ಇನ್ನೂ ಚೆನ್ನಾಗಲಿ ಎಂದು ಒಂದರಲ್ಲಿ ಏನೋ ಬದಲಾಯಿಸಿದೆ. ಅವರು ಅದನ್ನು ಎತ್ತಿ ಬದಿಗಿಟ್ಟರು.

"ಪಟ್ಟಿಯಲ್ಲಿ ಇಲ್ಲದ್ದು ಹಾಕ್ಬೇಡಿ."

ನನಗೆ ಸಿಟ್ಟೂ ಬರಲಿಲ್ಲ, ಸಂತೋಷವೂ ಆಗಲಿಲ್ಲ. ಇನ್ನು ಇದಕ್ಕೆ ನಾನು ಬೇಕಿಲ್ಲ ಎಂದು ಗೊತ್ತಾಯಿತು. ಸರಿ ಎಂದು ಎದ್ದು ಬಸ್ಸು ಹತ್ತಿದೆ. ಪುತ್ತೂರು ಬಂದದ್ದು ತಿಳಿಯದಷ್ಟು ನಿದ್ದೆ ಹತ್ತಿತು, ಕಂಡಕ್ಟರ್ ಬಂದು ಎಬ್ಬಿಸಿದ.