ಗ್ರೆಗ್ ಸಾಹೇಬರ ಲೀಗ್, ನನ್ನ ಕೈಗುಣ

ಸೌದಿಯ ರಾಸ್ ತನೂರಾದ ನನ್ನ ರೂಮಿನಲ್ಲಿ ಬಟ್ಟೆ ಜೋಡಿಸುವಾಗ ಇವತ್ತು ಒಂದು ಉಣ್ಣೆಯ ಸ್ಕಾರ್ಫ್ ಸಿಕ್ಕಿತು. ಇಲ್ಲಿ ಬೇಸಿಗೆಯಲ್ಲಿ ನಲವತ್ತೈದು ಡಿಗ್ರಿ. ಈ ಊರಲ್ಲಿ ಉಣ್ಣೆಯನ್ನು ಕುತ್ತಿಗೆಗೆ ಸುತ್ತಿಕೊಂಡವನನ್ನು ನೇರ ಆಸ್ಪತ್ರೆಗೆ ಒಯ್ಯುತ್ತಾರೆ. ಆದರೂ ನಾನದನ್ನು ಹೆಚ್ಚುಕಡಿಮೆ ಒಂದಿಡೀ ಆಟದ ಋತು ಸುತ್ತಿಕೊಂಡಿದ್ದೆ. ಯಾಕೆಂದು ಕೇಳಿ.

ಅದನ್ನು ಕೊಟ್ಟವರು ನಮ್ಮ ಮೇಲಧಿಕಾರಿ ಗ್ರೆಗ್ ಸಾಹೇಬರು. ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯವರು. ಅವರಿಗೆ ತಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಬೇಡ, ರಾಜ್ಯದ ಸಣ್ಣ ಲೀಗೇ ಬೇಕು. ಅದರಲ್ಲಿ ಅವರ ಊರಿನ ತಂಡ ಆಡುತ್ತದೆ. ಆಟಗಾರರಲ್ಲಿ ಒಬ್ಬ ಪ್ಲಂಬರ್, ಇನ್ನೊಬ್ಬ ಶಾಲೆಯ ಮೇಷ್ಟ್ರು. ಅಲ್ಲಿಯ ಮಧ್ಯಾಹ್ನದ ಆಟ ನಮಗೆ ಶನಿವಾರ ಬೆಳಿಗ್ಗೆ, ರಜೆಯ ದಿನ. ಕ್ಯಾಂಪಿನ ಟೀವಿ ಮುಂದೆ ಅವರು ಒಬ್ಬರೇ ಕೂತು ಕಿರುಚುತ್ತಿದ್ದರು.

ಜೊತೆಗೆ ಕೂರಲು ನಾನು ಹೋದದ್ದು ಸ್ವಾರ್ಥದಿಂದಲೇ. ಊರಲ್ಲಿ ನನಗೆ ಮಗಳು ಹುಟ್ಟಿದ್ದಳು. ನಾನವಳನ್ನು ಫೋನಿನಲ್ಲಿ ಮಾತ್ರ ನೋಡಿದ್ದೆ. ಆರನೇ ತಿಂಗಳಲ್ಲಿ ಅನ್ನಪ್ರಾಶನ, ಅದಕ್ಕೆ ರಜೆ ಬೇಕು, ರಜೆಗೆ ಗ್ರೆಗ್ ಸಾಹೇಬರ ಸಹಿ ಬೇಕು.

ಆಟ ವಿಚಿತ್ರ. ಮೊಟ್ಟೆಯಾಕಾರದ ಚೆಂಡು, ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದಲ್ಲಿ ಹೋದರೂ ಒಂದು ಅಂಕ! ನನ್ನ ಲೆಕ್ಕದ ಮೇಷ್ಟ್ರಿಗೆ ಈ ಧಾರಾಳತನ ಇದ್ದಿದ್ದರೆ ನಾನಿವತ್ತು ಎಂಜಿನಿಯರ್ ಆಗಿರುತ್ತಿದ್ದೆ.

ಮೊದಲ ನಾಲ್ಕು ಆಟ ತಂಡ ಸೋತಿತು. ಐದನೆಯದಕ್ಕೆ ನಾನು ಗೋಳಿಬಜೆ ಕರಿದು ಒಯ್ದೆ. ಮೈದಾ, ಶುಂಠಿ, ಹಸಿಮೆಣಸು, ಇಲ್ಲಿನ ಅಲ್ ಖರ್ಜ್ ಕಡೆಯ ಡೈರಿಯ ಮೊಸರು. ಆ ಮೊಸರು ಹುಳಿ ಬರುವುದೇ ಇಲ್ಲ, ಎರಡು ದಿನ ಹೊರಗಿಟ್ಟು ಬುದ್ಧಿ ಕಲಿಸಬೇಕು. ತಂಡ ಗೆದ್ದಿತು. "ನನ್ನ ಕೈಗುಣ ಸರ್," ಎಂದೆ, ತಮಾಷೆಗೆ. ನಮ್ಮಲ್ಲಿ ಅದೇ ಮಾತ್ರೆಯನ್ನು ಒಬ್ಬ ಡಾಕ್ಟರು ಕೊಟ್ಟರೆ ಜ್ವರ ಬಿಡುತ್ತದೆ, ಇನ್ನೊಬ್ಬರು ಕೊಟ್ಟರೆ ಇಲ್ಲ ಎಂದೆಲ್ಲ ವಿವರಿಸಿದೆ. ಅವರು ನಕ್ಕರು. ಮುಂದಿನ ವಾರ ನನಗೆ ಡ್ಯೂಟಿ, ಬಜೆ ಇಲ್ಲ, ತಂಡ ಸೋತಿತು. ಆಮೇಲೆ ಅವರು ನಗಲಿಲ್ಲ. ಪ್ರತಿ ಗುರುವಾರ "ಮೊಸರು ಹೊರಗಿಟ್ಟೆಯಾ?" ಎಂದು ಕೇಳತೊಡಗಿದರು. ತಂಡದ ಬಣ್ಣದ ಆ ಸ್ಕಾರ್ಫ್ ಬಂದದ್ದು ಆಗಲೇ, ಆಟದ ದಿನ ಸುತ್ತಿಕೊಳ್ಳಲೆಂದು.

ತಂಡ ಗೆಲ್ಲುತ್ತಾ ಹೋಯಿತು. ರಜೆಯ ಅರ್ಜಿ ಮುಂದಿಟ್ಟಾಗ ಸಾಹೇಬರು ಕ್ಯಾಲೆಂಡರ್ ನೋಡಿದರು. ಅನ್ನಪ್ರಾಶನದ ಶನಿವಾರವೇ ಫೈನಲ್. "ನಾವು ಫೈನಲ್‌ಗೆ ಬಂದರೆ ನೀನು ಅದು ಮುಗಿಸಿ ಹೋಗು," ಎಂದರು.

ಸ್ಟೋರಿನ ಹಮೀದಾಕ ಉಳ್ಳಾಲದವರು, ನನಗಿಂತ ಹಿರಿಯರು. ಕೇಳಿ ಹೊಟ್ಟೆ ಹಿಡಿದು ನಕ್ಕರು. "ಎಂತ ಮಾರಾಯ, ಬಾಯಿ ಸುಮ್ಮನಿಡ್ಲಿಕ್ಕೆ ಆಗ್ಲಿಲ್ವಾ ನಿಂಗೆ? ಇನ್ನು ಕರಿತಾ ಕೂತ್ಕೋ."

ಸೆಮಿಫೈನಲ್ ದಿನ ನಾನು ಉಪಾಯ ಹೂಡಿದೆ. ಹಿಟ್ಟು ಕಲಸಿ ಫ್ರಿಜ್ಜಿನಲ್ಲಿಟ್ಟಿದ್ದೆ, ಕರಿಯಲಿಲ್ಲ. "ಮೊಸರು ಹುಳಿ ಬರ್ಲಿಲ್ಲ ಸರ್." ಬಜೆಯಿಲ್ಲದೆ ಗೆದ್ದರೆ ಅವರ ನಂಬಿಕೆ ಹೋಗುತ್ತದೆ, ಸೋತರೆ ಫೈನಲ್ಲೇ ಇಲ್ಲ. ಹೇಗಾದರೂ ನನಗೆ ರಜೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಕೊನೆಯ ಹತ್ತು ನಿಮಿಷಕ್ಕೆ ತಂಡ ಹಿಂದೆ ಬಿತ್ತು. ಸಾಹೇಬರು ಟೋಪಿ ಹಿಂಡುತ್ತಿದ್ದರು. ಪ್ಲಂಬರನ ಮೂಗು ಬಾತುಕೊಂಡಿತ್ತು, ಆದರೂ ಓಡುತ್ತಿದ್ದ. ನನಗೇನಾಯಿತೋ ಗೊತ್ತಿಲ್ಲ, ಎದ್ದು ಅಡುಗೆಮನೆಗೆ ಓಡಿದೆ. ಎಣ್ಣೆ ಕಾಯುವ ಮೊದಲೇ ಹಿಟ್ಟು ಬಿಟ್ಟೆ. ಆಚೆಯಿಂದ ಕೂಗು ಕೇಳಿತು. ಅಂಕ ಸಮವಾಗಿ, ಪ್ಲಂಬರ್ ಕೊನೆಗೆ ಒದ್ದದ್ದು ಗುರಿ ತಪ್ಪಿ, ಆ ಒಂದು ಅಂಕದಿಂದ ಗೆದ್ದಿದ್ದರು. ಸಾಹೇಬರನ್ನು ತಬ್ಬಿ ಕುಣಿದೆ. ಕುಣಿಯುವಾಗಲೇ ಮಗಳು ನೆನಪಾಗಿ ಅಲ್ಲೇ ಕೂತುಬಿಟ್ಟೆ, ಕಣ್ಣು ತುಂಬಿತು.

ಸಾಹೇಬರು ನೋಡಿದರು. ಎಣ್ಣೆ ಕುಡಿದ ಒಂದು ಬಜೆ ಬಾಯಿಗೆ ಹಾಕಿಕೊಂಡು ಅರ್ಜಿ ಕೇಳಿದರು. "ಹೋಗು. ಆದರೆ ಫೈನಲ್ ಹೊತ್ತಿಗೆ ಅಲ್ಲಿ ಕರಿಯಬೇಕು. ಮಾತು ಕೊಡು." ಕೊಟ್ಟೆ.

ಫೈನಲ್ ಶುರುವಾದಾಗ ಊರಲ್ಲಿ ಮಧ್ಯಾಹ್ನ ಹನ್ನೆರಡು. ಪಾಯಸದ ಬಾಯಲ್ಲೇ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು, ನನ್ನ ಬೆರಳು ಹಿಡಿದುಕೊಂಡು. ನಾನು ಏಳಲಿಲ್ಲ. ತಂಡ ಐದು ಅಂಕಗಳಿಂದ ಸೋತಿತು.

ಮರಳಿ ಬಂದಾಗ ಸಾಹೇಬರು ಕೇಳಿದ್ದು ಒಂದೇ: "ಕರಿದೆಯಾ?"

"ಕರಿದೆ ಸರ್."

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, "ಹಾಗಾದರೆ ನಿಮ್ಮೂರಿನ ಮೊಸರೇ ಸರಿಯಿಲ್ಲ," ಎಂದರು.

ನಾಳೆ ಹೊಸ ಋತುವಿನ ಮೊದಲ ಆಟ. ಪಶ್ಚಾತ್ತಾಪ ನನಗೆ ಎಳ್ಳಷ್ಟೂ ಇಲ್ಲ, ಆ ಬೆರಳಿನ ಹಿಡಿತವನ್ನು ಯಾವ ಕಪ್‌ಗೂ ಬಿಟ್ಟುಕೊಡುತ್ತಿರಲಿಲ್ಲ. ಆದರೂ ಸುಳ್ಳು ಹೇಳಿದ್ದು ಚುಚ್ಚುತ್ತಿದೆ. ನಾಳೆ ಅವರಿಗೆ ನಿಜ ಹೇಳಿಬಿಡುತ್ತೇನೆ, ತಂಡ ಗೆದ್ದರೆ.