ಕೆಮ್ಮುವವರ ಖಾನಾಪುರ ಟ್ರಿಪ್ಪು

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ದುಂಡಪ್ಪನವರಿಗೆ ‘ಯುರೋಪ್ ಸಾಹೇಬ್ರು’ ಎಂದೇ ಹೆಸರು. ಅವರು ಯುರೋಪ್ ಕಂಡವರಲ್ಲ; ಸಮುದ್ರವನ್ನೂ ಗೋವಾದ ದಂಡೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನೋಡಿದವರು. ಆದರೆ ಅವರ ಕುರ್ಚಿಯ ಹಿಂದೆ ‘ಕಾರ್ಮಿಕ ಕಲ್ಯಾಣಾಧಿಕಾರಿ’ ಎಂಬ ಹಿತ್ತಾಳೆ ಫಲಕವಿತ್ತು, ಅದು ಅಲ್ಲಿಗೆ ಬಂದದ್ದೇ ಜರ್ಮನಿಯ ದಯೆಯಿಂದ.

ಫೌಂಡ್ರಿಯಲ್ಲಿ ಎರಕ ಹೊಯ್ದ ಪಂಪುಗಳನ್ನು ಕೊಳ್ಳುತ್ತಿದ್ದ ಜರ್ಮನ್ ಕಂಪನಿ ವರ್ಷಕ್ಕೊಮ್ಮೆ ಒಬ್ಬ ಹೆಣ್ಣುಮಗಳನ್ನು ಆಡಿಟ್ಟಿಗೆ ಕಳಿಸುತ್ತಿತ್ತು. ಆಕೆ ಮಾಲಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೆಲಸಗಾರರಿಗೆ ಮಾಸ್ಕ್ ಕೊಟ್ಟಿದ್ದೀರಾ, ಕುಡಿಯುವ ನೀರು ಎಲ್ಲಿ, ಯಾರಾದರೂ ಕೆಮ್ಮುತ್ತಾರಾ ಎಂದು ಕೇಳುತ್ತಿದ್ದಳು. ಉತ್ತರ ಹೇಳಲು ಟೈ ಕಟ್ಟಿದವನೊಬ್ಬ ಬೇಕಲ್ಲ, ಅದಕ್ಕೆ ದುಂಡಪ್ಪನವರು.

ಅವರಿಗೆ ತಮ್ಮ ಹುದ್ದೆಯ ಮೇಲೆ ನಿಜವಾದ ಭಕ್ತಿ. ಪೇಪರು, ಮೊಬೈಲು ಎಲ್ಲ ತಿರುವಿ ಹಾಕಿ ಯುರೋಪಿನ ಸರಕಾರಗಳ ಬಗ್ಗೆ ಓದಿಕೊಂಡು, ಚಹಾದ ಹೊತ್ತಿಗೆ ಅದನ್ನೆಲ್ಲ ಹಂಚುತ್ತಿದ್ದರು.

“ಜರ್ಮನ್ಯಾಗ ಜಡ್ಡಾಗಿ ಮಲಗಿದ್ರ ಪಗಾರ ಮನಿಗೆ ಬರ್ತದ. ಕೂಸು ಹುಟ್ಟಿದ್ರ ಸರಕಾರ ರೊಕ್ಕಾ ಕೊಡ್ತದ. ಅಮೆರಿಕಾದಾಗ? ಯುದ್ಧದ ಹಡಗಕ್ಕ ರೊಕ್ಕ ಅದ, ವಿಮಾನಕ್ಕ ಅದ. ಹೊಟ್ಟಿ ನೂಸಿದಾವಗ ಮಾತ್ರ ದವಾಖಾನಿ ಬಿಲ್ಲು!”

“ಮುದುಕರಿಗೆ ಅಲ್ಲೂ ಪೆನ್ಷನ್ನು, ದವಾಖಾನಿ ಅದ ಅಂತಾರಲ್ರಿ?” ಎಂದು ಯಾರೋ ಕೇಳಿದರೆ, “ಅದ. ಆದ್ರ ಅಲ್ಲೀತನಕಾ ಬದುಕಬೇಕಲ್ಲೋ!” ಎಂದು ಗ್ಲಾಸು ಕೆಳಗಿಡುತ್ತಿದ್ದರು.

ಆಡಿಟ್ಟಿಗೆ ಅವರೇ ಕಂಡುಹಿಡಿದ ಒಂದು ಪದ್ಧತಿಯಿತ್ತು. ಎರಕವನ್ನು ಉಜ್ಜಿ ನುಣುಪು ಮಾಡುವ ಗ್ರೈಂಡಿಂಗ್ ಶೆಡ್ಡಿನಲ್ಲಿ ಮರಳಿನ ಧೂಳು ಮಂಜಿನಂತೆ ನಿಂತಿರುತ್ತದೆ. ಅಲ್ಲಿ ವರ್ಷಗಟ್ಟಲೆ ದುಡಿದವರ ಎದೆ ಒಡಕು ಕೊಳಲಿನಂತೆ ಸಪ್ಪಳ ಮಾಡುತ್ತದೆ. ಆಡಿಟ್ಟಿನ ಹಿಂದಿನ ದಿನ ದುಂಡಪ್ಪನವರು ಶೆಡ್ಡಿನ ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳುವರು. ಕೆಮ್ಮಿದವರಿಗೆಲ್ಲ ಮರುದಿನ ಖಾನಾಪುರಕ್ಕೆ ಟ್ರಿಪ್ಪು. ಕಂಪನಿಯ ಟೆಂಪೋ, ಮಲಪ್ರಭೆಯ ದಂಡೆ, ಪಲಾವು, ಸಿಹಿಗೆ ಕುಂದಾ, ಮೇಲೆ ಪೂರ್ತಿ ಪಗಾರ. ಇದಕ್ಕೆ ಅವರಿಟ್ಟ ಹೆಸರು ‘ಕ್ಷೇಮ ವಿಹಾರ’. ಯಾರನ್ನೋ ಬಚ್ಚಿಡುತ್ತಿದ್ದೇನೆ ಎಂದು ಅವರಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಪಗಾರ ಕೊಟ್ಟು ರಜೆ, ಯುರೋಪಿನವರು ಮಾಡುವುದೂ ಇದನ್ನೇ ಅಲ್ಲವೇ?

ಈ ವರ್ಷ ಅವರ ನೌಕರಿಯ ಅವಧಿ ಮುಗಿಯುತ್ತಿತ್ತು. ಅದೇ ಹೊತ್ತಿಗೆ ಅಮೆರಿಕದಿಂದ ಸೈನ್ಯದ ಲಾರಿಗಳ ಬಿಡಿಭಾಗದ ಆರ್ಡರ್ ಬಂದಿತ್ತು. ಮಾಲೀಕರ ಮಗ ಅಜಿಂಕ್ಯ ನೇರ ಹೇಳಿಬಿಟ್ಟ: “ಕಾಕಾ, ಅಮೆರಿಕಾದಾವ್ರು ಯಾವ ಮೇಡಮ್ಮನ್ನೂ ಕಳಸೂದಿಲ್ಲ. ಮಾಲ ಅಳದು ನೋಡ್ತಾರ, ಮುಗೀತು. ಜರ್ಮನ್ ಆಡಿಟ್ ಪಾಸಾದ್ರ ನಿಮಗ ಇನ್ನೊಂದ ವರ್ಷ. ಆ ಜರ್ಮನ್ ಆರ್ಡರ್ ಹೋತಂದ್ರ ಇಲ್ಲಿ ಕಲ್ಯಾಣಾಧಿಕಾರಿಗೆ ಏನ ಕೆಲಸ, ನೀವಽ ಹೇಳ್ರಿ.”

ದುಂಡಪ್ಪನವರು ಸ್ವಾಗತ ಭಾಷಣವನ್ನೇ ಬರೆದು ಅಸ್ತ್ರದಂತೆ ಸಜ್ಜು ಮಾಡಿದರು: ಯುರೋಪಿನ ಕರುಣೆ, ಅಮೆರಿಕದ ಫಿರಂಗಿ, ನಡುವೆ ನಮ್ಮ ಫೌಂಡ್ರಿ. ಖಾಸಬಾಗದ ಮನೆಯಲ್ಲಿ ಅದನ್ನು ದಿನವೂ ಕೇಳಿಸಿಕೊಂಡ ಹೆಂಡತಿ ಸಂಗವ್ವ, “ಎಲ್ಲಾ ಖರೇ. ನಿಮ್ಮ ಕೆಮ್ಮಿಗೆ ಯಾವ ದೇಶದ್ದು ಔಷಧ?” ಎಂದಳು.

“ಇದು ಬರೇ ಗಂಟಲಾನ ಕೆರತ” ಎಂದರು. ಅವರ ಆಫೀಸಿಗೂ ಗ್ರೈಂಡಿಂಗ್ ಶೆಡ್ಡಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ.

ಆಡಿಟ್ಟಿನ ಬೆಳಿಗ್ಗೆ ಅಜಿಂಕ್ಯನೆದುರು ತಾಲೀಮು ನಡೆಯಿತು. ಎರಡು ವಾಕ್ಯ ಹೇಳುವಷ್ಟರಲ್ಲಿ ಕೆಮ್ಮು ಹತ್ತಿಕೊಂಡು ದುಂಡಪ್ಪನವರು ಟೇಬಲ್ ಹಿಡಿದು ಬಗ್ಗಿದರು. ತಲೆ ಎತ್ತಿದಾಗ ಅಜಿಂಕ್ಯ ಕಿವಿಗೊಟ್ಟು ನಿಂತಿದ್ದ. ಆ ನಿಲುವು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಕಾಕಾ, ನೀವೂ ಟೆಂಪೋ ಹತ್ರಿ.”

“ನಾ ಕಲ್ಯಾಣಾಧಿಕಾರಿ ಅದೀನೋ ತಮ್ಮಾ!”

“ಅದಕ್ಕಽ ಹೇಳಾಕತ್ತೀನಿ. ಅಧಿಕಾರಿನಽ ಕೆಮ್ಮಿದ್ರ ಆಕಿ ಏನ ತಿಳಕೋಬೇಕು? ಭಾಷಣಾ ಅಕೌಂಟ್ಸಿನ ಹುಡುಗಿ ಪೂರ್ವಾ ಓದ್ತಾಳ.”

ಟೆಂಪೋದಲ್ಲಿ ಶೆಡ್ಡಿನ ಈರಣ್ಣ ಸರಿದು ಜಾಗ ಮಾಡಿದ. “ಬರ್ರಿ ಸಾಹೇಬ್ರ, ಕುಂದರ್ರಿ. ಇಷ್ಟ ವರ್ಷಾ ಗೇಟಿನ್ಯಾಗ ನಿಂತು ಟಾಟಾ ಮಾಡತಿದ್ರಿ. ಟೈ ಬಿಚ್ಚರಿ, ಹೊಳ್ಯಾಗ ಮೀನ ಅಂಜತಾವು.” ಎಲ್ಲರೂ ನಕ್ಕರು, ನಕ್ಕವರೆಲ್ಲ ಕೆಮ್ಮಿದರು. ಖಾನಾಪುರದವನೇ ಆದ ಹಿರಿಯ ಅವಧೂತ ಮಾತ್ರ ನಗಲಿಲ್ಲ. ನಗುವಷ್ಟು ಉಸಿರು ಅವನಲ್ಲಿರಲಿಲ್ಲ.

ಹೊಳೆಯ ದಂಡೆಯಲ್ಲಿ ಊಟವಾಯಿತು. ಹೇಳದೆ ಉಳಿದ ಭಾಷಣ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ. ದುಂಡಪ್ಪನವರು ಎದ್ದು ನಿಂತು ಕನ್ನಡದಲ್ಲಿ ಇಳಿಸಿಯೇಬಿಟ್ಟರು. ಈರಣ್ಣ ಕೊನೆಯವರೆಗೂ ಕೇಳಿದ.

“ಹಂಗಾರ ಸಾಹೇಬ್ರ, ಜರ್ಮನ್ಯಾಗ ಒಬ್ಬಾವ ಹಿಂಗ ಕೆಮ್ಮಿದ್ರ ಏನ್ ಮಾಡ್ತಾರ?”

“ಕೆಲಸಾ ಬಿಡಿಸಿ ದವಾಖಾನಿಗೆ ಕಳಸ್ತಾರ. ಪಗಾರಾ ಕೊಡ್ತಾರ.”

“ಮತ್ತ ಅವರ ಪಂಪ ಯಾರ ಉಜ್ಜತಾರ?”

ಅವಧೂತ ಉಸಿರು ಕೂಡಿಸಿಕೊಂಡು ಹೇಳಿದ: “ನಾವಽ. ಅಮೆರಿಕಾದ್ದೂ ನಾವಽ.”

ದುಂಡಪ್ಪನವರು ಮರದ ಮರೆಗೆ ನಡೆದರು. ಏನಾದರೂ ಇದ್ದರೆ ತಿಳಿಸಿ ಎಂದು ಹೋದ ವರ್ಷ ಆ ಜರ್ಮನ್ ಹೆಣ್ಣುಮಗಳು ಕೊಟ್ಟ ನಂಬರು ಮೊಬೈಲಿನಲ್ಲಿತ್ತು. ಬರೆಯತೊಡಗಿದರು: ‘ಮೇಡಂ, ತಾವು ಈಗ ಕೇಳಿದ ಭಾಷಣ ನನ್ನದು. ಕೆಮ್ಮುವವರೆಲ್ಲ ಖಾನಾಪುರದಲ್ಲಿದ್ದೇವೆ. ನಾನೂ ಇದ್ದೇನೆ.’ ಕಳಿಸಿದರೆ ಎಲ್ಲರ ಎದೆಯ ತಪಾಸಣೆ ಆದೀತು. ಇಲ್ಲವೇ ಜರ್ಮನ್ ಆರ್ಡರೇ ಹೋಗಿ, ಏನೂ ಕೇಳದ ಅಮೆರಿಕದವನ ಮಾಲನ್ನು ಇದೇ ಜನ ಉಜ್ಜುತ್ತ ಕೂತಾರು, ತಮ್ಮ ಹಿತ್ತಾಳೆ ಫಲಕ ಗುಜರಿಗೆ ಹೋದೀತು. ಬೆರಳು ಅಲ್ಲೇ ನಿಂತಿತು.

ಅಷ್ಟರಲ್ಲಿ ಅಜಿಂಕ್ಯನ ಫೋನು. “ಕಾಕಾ, ಪಾಸು! ನಿಮ್ಮ ಭಾಷಣಾ ಕೇಳಿ ಮೇಡಮ್ಮು ಕಣ್ಣಾಗ ನೀರ ತಂದ್ಳು. ಅವರ ಕಂಪನಿ ಪತ್ರಿಕ್ಯಾಗ ಹಾಕ್ತಾಳಂತ, ನಿಮ್ಮ ಫೋಟೋ ಹಚ್ಚಿ. ನಿಮ್ಮ ಒಂದ ವರ್ಷ ಪಕ್ಕಾ.”

ಕೆಮ್ಮು ಕೇಳಿಸದಿರಲೆಂದು ದುಂಡಪ್ಪನವರು ಫೋನನ್ನು ಬಾಯಿಂದ ದೂರ ಹಿಡಿದು “ಥ್ಯಾಂಕ್ಸ್” ಎಂದರು. ಬರೆದದ್ದನ್ನು ಅಳಿಸಿದರು.

“ಯಾರಿಗ್ರಿ, ಇಷ್ಟೊತ್ತು?” ಈರಣ್ಣ ಕೇಳಿದ.

“ಮನಿಗೆ” ಎಂದರು. “ಆಡಿಟ್ ಪಾಸಾತು!” ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಾತ್ರೆ ತೊಳೆಯುವ ಕೆಲಸವಿತ್ತು.

ಹೊರಡುವಾಗ ಅವಧೂತ ಟೆಂಪೋ ಹತ್ತಲಿಲ್ಲ. “ನಾ ಇಲ್ಲೇ ಮನಿಗೆ ಹೋಗ್ತೀನ್ರಿ ಸಾಹೇಬ್ರ. ನಾಳಿಂದ ಬರೂದ ಆಗೂದಿಲ್ಲ, ನಾಕ ಹೆಜ್ಜಿಗೆ ದಮ್ಮ ಹತ್ತತೈತಿ. ನೀವು ಹೇಳಿದ್ರಲ್ಲ, ಜಡ್ಡಾಗಿ ಮಲಗಿದಾವ್ರಿಗೆ ಪಗಾರ... ಅದು ನಮಗೇನಾರ ಐತೇನ್ರಿ?”

ದುಂಡಪ್ಪನವರು ಟೈ ಸರಿಮಾಡಿಕೊಂಡರು. “ವಿಚಾರ ಮಾಡೂಣಪಾ. ಒಂದ ಅರ್ಜಿ ಬರದ ಕೊಡು.”

ಡ್ರೈವರನ ಪಕ್ಕದ ಸೀಟು ಖಾಲಿ ಇತ್ತು. ಅವರು ಅಲ್ಲಿಗೇ ಹೋಗಿ ಕೂತು, ರಸ್ತೆಯ ಧೂಳು ಬರುತ್ತದೆಂದು ಗಾಜು ಏರಿಸಿದರು.